ಸರಪಳಿ ಕಳಚಿದ ಮೇಲಿನ ಕರೆ

ನಾಯಿಯ ಕೊರಳಲ್ಲಿ ಸರಪಳಿ ಇರುವ ತನಕ ಅದರ ವಿಧೇಯತೆ ಎಷ್ಟೆಂಬುದನ್ನು ಯಾರೂ ಅಳೆಯಲಾರರು. ಎಳೆದರೆ ಬರುವುದು, ಹಿಡಿದರೆ ನಿಲ್ಲುವುದು; ಅಲ್ಲಿ ಮಾತು ಕೇಳಿದ್ದು ನಾಯಿಯೋ ಕೊರಳ ಪಟ್ಟಿಯೋ ಎಂಬುದು ಸಂದೇಹಾಸ್ಪದ. ಸರಪಳಿಯನ್ನು ಕಳಚಿ, ಬಯಲಿನಲ್ಲಿ ಬಿಟ್ಟು, ಐವತ್ತು ಮಾರು ದೂರದಿಂದ 'ಬಾ' ಎಂದು ಕರೆದಾಗ ಮಾತ್ರ ನಿಜಸ್ಥಿತಿ ತಿಳಿಯುವುದು. ಆಗ ಒಡೆಯನ ಬಳಿ ಉಳಿದಿರುವುದು ಒಂದು ಶಬ್ದ. ಆ ಶಬ್ದಕ್ಕೆ ನಾಯಿ ತಿರುಗಿ ಓಡಿಬಂದರೆ ಸರಿ. ಬಾರದೆ ಹೋದರೆ, ಹೊಲದಾಚೆ ಹೆದ್ದಾರಿಯಿದ್ದಲ್ಲಿ, ಲಾರಿಯ ಗಾಲಿ ಅದರ ಗತಿಯನ್ನು ನಿರ್ಣಯಿಸುವುದು.

ಶರಣರ ವಚನಗಳಲ್ಲಿ ನಾಯಿಯು ಬರುವುದು ಬಹುಮಟ್ಟಿಗೆ ಹೋಲಿಕೆಯಾಗಿ. ಕಂಡದ್ದರ ಬೆನ್ನುಹತ್ತುವ ಮನಸ್ಸನ್ನು ಹೇಳುವಾಗಲೂ, ಭಕ್ತರ ಬಾಗಿಲು ಕಾಯುವ ಕಿಂಕರಭಾವವನ್ನು ಹೇಳುವಾಗಲೂ ಅವರಿಗೆ ಈ ಪ್ರಾಣಿಯೇ ನೆನಪಾಗಿದೆ. ಹಾವಿನಹಾಳ ಕಲ್ಲಯ್ಯನವರು ನಾಯಿಯಿಂದ ವೇದವನ್ನೇ ಓದಿಸಿದರೆಂಬ ಕಥೆಯೂ ಪರಂಪರೆಯಲ್ಲಿ ಉಂಟು. ಕರೆದಾಗ ಬರುವಂತೆ ನಾಯಿಯನ್ನು ತಿದ್ದುವುದಕ್ಕೆ ಅಂತಹ ಪವಾಡವೇನೂ ಬೇಕಾಗಿಲ್ಲ. ಅದಕ್ಕೆ ಬೇಕಾದುದು ಕರೆಯುವವನ ನುಡಿ ಮತ್ತು ನಡೆಗಳ ನಡುವೆ ಬಿರುಕಿಲ್ಲದಿರುವುದು. ಹೇಳುವುದಕ್ಕೆ ಸುಲಭವಾದ ಈ ಮಾತು ಗೃಹಸ್ಥರ ಅಂಗಳದಲ್ಲಿ ಎಷ್ಟು ದುರ್ಲಭವೆಂಬುದನ್ನು ನಾಯಿ ಸಾಕಿದ ಮನೆಗಳನ್ನು ನೋಡಿದರೆ ತಿಳಿಯುವುದು.

ಒಬ್ಬ ರೈತನಿದ್ದಾನೆನ್ನೋಣ. ಮುಂಜಾನೆ ಹೊಲಕ್ಕೆ ಹೋಗುವಾಗ ನಾಯಿಯೂ ಹಿಂದೆ ಬರುವುದು. ಬದುವಿನ ಮೇಲೆ ಯಾವುದೋ ವಾಸನೆ ಹಿಡಿದು ಅದು ನೆರೆಯವರ ಜೋಳದೊಳಗೆ ನುಗ್ಗುವುದು. ರೈತನು ಕರೆಯುವನು, ಬಾರದು. ಮತ್ತೆ ಕರೆಯುವನು, ತಲೆಯೆತ್ತಿ ನೋಡಿ ಮತ್ತೆ ಮೂಗು ನೆಲಕ್ಕಿಡುವುದು. ಆರನೆಯ ಕರೆಗೆ ದನಿ ಗದರಿಕೆಯಾಗುವುದು, ಎಂಟನೆಯದಕ್ಕೆ ಬೈಗುಳವಾಗುವುದು. ಕೊನೆಗೆ, ಕಾಲು ಗಂಟೆ ಕಳೆದ ಮೇಲೆ, ನಾಯಿಯು ತಾನಾಗಿಯೇ ಬಾಲವಾಡಿಸುತ್ತ ಬಂದು ಕಾಲ ಬಳಿ ನಿಲ್ಲುವುದು. ಆಗ ಅವನು ಬಾರುಕೋಲಿನಿಂದ ಎರಡು ಬಿಗಿಯುವನು, 'ಕರೆದರೆ ಬರಬಾರದೇನು?' ಎನ್ನುವನು.

ಓಡಿಹೋದುದಕ್ಕೆ ಶಿಕ್ಷೆ ಕೊಟ್ಟೆನೆಂದು ರೈತನು ಭಾವಿಸಿರುವನು. ನಾಯಿಯ ಲೆಕ್ಕ ಬೇರೆ. ಓಡಿಹೋದಾಗ ಅದಕ್ಕೆ ದೊರೆತದ್ದು ಕಾಲು ಗಂಟೆಯ ಸುಖ; ಏಟು ಬಿದ್ದದ್ದು ಮರಳಿ ಬಂದ ಕ್ಷಣದಲ್ಲಿ. ಪ್ರಾಣಿಯ ಮನಸ್ಸು ಪೆಟ್ಟನ್ನು ಅದರ ಹಿಂದಿನ ಕೆಲವು ಗಳಿಗೆಗಳೊಡನೆ ಹೊಂದಿಸಿಕೊಳ್ಳುವುದೇ ಹೊರತು, ಕಾಲು ಗಂಟೆಯ ಹಿಂದಿನ ಅಪರಾಧವನ್ನು ಹುಡುಕಿ ತೆಗೆದು ಪಶ್ಚಾತ್ತಾಪಪಡುವುದಿಲ್ಲ. ಆದುದರಿಂದ ಅಂದು ಅದು ಕಲಿತ ಪಾಠ ಒಂದೇ: ಮರಳಿ ಬಂದರೆ ಪೆಟ್ಟು. ಮರುದಿನ ಅದು ಅರ್ಧ ಗಂಟೆ ತಡಮಾಡುವುದು, ಬಂದರೂ ಕೈಗೆ ಸಿಕ್ಕದ ಅಂತರದಲ್ಲಿ ನಿಲ್ಲುವುದು, ಕಿವಿಯನ್ನು ಹಿಂದಕ್ಕೆ ಒತ್ತಿ ಸುತ್ತು ಹಾಕುವುದು. 'ನೋಡಿ, ತಪ್ಪು ಮಾಡಿದ್ದು ಅದಕ್ಕೇ ಗೊತ್ತು' ಎಂದು ಮನೆಯವರು ನಗುವರು. ಅದು ತಪ್ಪಿನ ಅರಿವಲ್ಲ, ಕೈಯ ಭಯ.

ಮಹಾಭಾರತದ ಆದಿಪರ್ವದಲ್ಲಿ ಸರಮೆಯ ಪ್ರಸಂಗವೊಂದಿದೆ. ಜನಮೇಜಯನ ಯಜ್ಞಶಾಲೆಯ ಬಳಿಗೆ ಬಂದ ಸರಮೆಯ ಮರಿಯನ್ನು ರಾಜನ ತಮ್ಮಂದಿರು ಹೊಡೆದಟ್ಟುವರು. ಮರಿಯು ಅಳುತ್ತ ತಾಯಿಯ ಬಳಿಗೆ ಹೋಗಿ, ತಾನು ಹವಿಸ್ಸನ್ನು ನೆಕ್ಕಲಿಲ್ಲ, ಅದರತ್ತ ನೋಡಲೂ ಇಲ್ಲ ಎಂದು ಹೇಳುವುದು. ಸರಮೆಯು ಸಭೆಗೆ ಬಂದು, ಅಪರಾಧವಿಲ್ಲದೆ ಏಕೆ ಹೊಡೆದಿರಿ ಎಂದು ಕೇಳುವಳು. ಉತ್ತರ ಬಾರದಿರಲು, ಕಾಣದಿದ್ದ ಭಯವು ನಿಮ್ಮನ್ನು ಮುತ್ತಲಿ ಎಂದು ಶಪಿಸುವಳು. ಅರಸನು ಆ ಶಾಪಕ್ಕೆ ನಡುಗಿ, ಅದನ್ನು ಕಳೆಯಬಲ್ಲ ಪುರೋಹಿತನನ್ನು ಅರಸಿ ಹೊರಡಬೇಕಾಯಿತು. ಕರೆದಲ್ಲಿಗೆ ಬಂದು ಪೆಟ್ಟು ತಿಂದ ನಾಯಿಗೆ ಶಪಿಸುವ ಬಾಯಿಲ್ಲ. ಅದು ಮರುದಿನ ಬಾರದಿರುವುದಷ್ಟೇ.

ಪೆಟ್ಟಿಲ್ಲದ ಮನೆಗಳಲ್ಲಿಯೂ ಈ ಶಬ್ದವು ಕೆಡುವ ದಾರಿ ಬೇರೆ ಇದೆ. ನಾಯಿಯು ಅಂಗಳದಲ್ಲಿ ಹಾಯಾಗಿ ಆಡುತ್ತಿರುವಾಗ 'ಬಾ' ಎಂದು ಕರೆಯುವರು. ಬಂದೊಡನೆ ಸರಪಳಿ ಬಿಗಿಯುವರು. ಮತ್ತೊಮ್ಮೆ ಕರೆದು ತಣ್ಣೀರು ಸುರಿದು ಮೈತೊಳೆಯುವರು. ಇನ್ನೊಮ್ಮೆ ಕರೆದು ಕಹಿ ಔಷಧಿಯನ್ನು ಬಾಯಿಗೆ ಹೊಯ್ಯುವರು. ಕೆಲವೊಮ್ಮೆ ಯಾವ ಕೆಲಸವೂ ಇಲ್ಲದೆ ಸುಮ್ಮನೆ ಕರೆದು, ಬಂದ ಮೇಲೆ ಅತ್ತ ಮುಖ ತಿರುಗಿಸುವರು. ಮಕ್ಕಳು ದಿನಕ್ಕೆ ನೂರು ಬಾರಿ ಅದರ ಹೆಸರನ್ನು ಕೂಗುವರು. ಬಂದರೂ ಒಂದೇ, ಬಾರದಿದ್ದರೂ ಒಂದೇ. ಹೀಗೆ ಸವೆದ ನಾಣ್ಯದಂತೆ ಕರೆಯು ತನ್ನ ಮುದ್ರೆಯನ್ನು ಕಳೆದುಕೊಳ್ಳುವುದು. 'ನಮ್ಮ ನಾಯಿ ಮಹಾ ಮೊಂಡು' ಎಂಬ ದೂರು ಬಳಿಕ ಕೇಳಿಬರುವುದು. ಆ ನಾಯಿಯು ಮೊಂಡಲ್ಲ. ಅದು ಒಳ್ಳೆಯ ಲೆಕ್ಕಿಗ. ಹಿಂದಿನ ಪ್ರತಿಯೊಂದು ಕರೆಯ ಕೊನೆಯಲ್ಲಿ ತನಗೇನು ಸಂದಿತೆಂಬ ಖಾತೆಯನ್ನು ಅದು ತಪ್ಪದೆ ಇಟ್ಟಿರುವುದು, ಹೊಸ ಕರೆ ಕೇಳಿದಾಗ ಆ ಖಾತೆಯನ್ನು ನೋಡಿಯೇ ಹೆಜ್ಜೆ ಇಡುವುದು.

ನಡೆ ನುಡಿ ಒಂದಾಗಿರಬೇಕೆಂಬುದು ಶರಣಧರ್ಮದ ಮೊದಲ ಪಾಠ. ಈ ಪಾಠವನ್ನು ಮನುಷ್ಯರೊಡನೆ ವ್ಯವಹರಿಸುವಾಗ ಗೃಹಸ್ಥನು ಅಷ್ಟಿಷ್ಟು ನೆನಪಿಟ್ಟುಕೊಳ್ಳುವನು, ಏಕೆಂದರೆ ಮನುಷ್ಯರು ತಿರುಗಿ ಕೇಳುವರು. ಕೊಟ್ಟಿಗೆಯ ದನ, ಬಾಗಿಲ ನಾಯಿ ಇವುಗಳೊಡನೆ ಆಡಿದ ಮಾತನ್ನು ಮಾತೆಂದೇ ಅವನು ಎಣಿಸುವುದಿಲ್ಲ. ತುತ್ತು ತೋರಿಸಿ ಕರೆದು, ಬಂದ ಮೇಲೆ ಕೈಯನ್ನು ಹಿಂದಕ್ಕೆಳೆದುಕೊಂಡು ನಗುವುದನ್ನು ಮನೆಯ ಹಿರಿಯರೂ ವಿನೋದವೆಂದು ನೋಡುವರು. ಹಸುಗೂಸಿಗೆ ಹಾಗೆ ಮಾಡಿದರೆ ಅದೇ ಹಿರಿಯರು ಗದರಿಸುವರು.

ಇನ್ನು ಕರೆಯುವ ಬಗೆ. ಗ್ರೀಸ್ ದೇಶದ ಕ್ಸೆನೊಫೋನನು ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದಲ್ಲಿ ಬೇಟೆನಾಯಿಗಳನ್ನು ಕುರಿತು ಬರೆದ ಗ್ರಂಥದಲ್ಲಿ, ಕರೆಯಲು ಸುಲಭವಾಗುವಂತೆ ನಾಯಿಗೆ ಚಿಕ್ಕ ಹೆಸರಿಡಬೇಕೆಂದು ಹೇಳಿ ಹೆಸರುಗಳ ಒಂದು ಪಟ್ಟಿಯನ್ನೇ ಕೊಟ್ಟಿರುವನು. ಮನುಷ್ಯನ ಕಿವಿ ಸೆಕೆಂಡಿಗೆ ಸುಮಾರು 20,000 ಕಂಪನಗಳವರೆಗಿನ ನಾದವನ್ನು ಗ್ರಹಿಸಿದರೆ ನಾಯಿಯ ಕಿವಿ ಸುಮಾರು 45,000ದವರೆಗೆ ಗ್ರಹಿಸುವುದು. ಆದುದರಿಂದ ಅರಚುವ ಅವಶ್ಯಕತೆ ಇಲ್ಲ. ಐವತ್ತು ಮಾರು ದೂರದ ನಾಯಿಗೆ ಸಾಧಾರಣ ದನಿಯೇ ಸಾಕು. ನಾದದ ರೂಪಕ್ಕೂ ಬೆಲೆಯುಂಟು. ಅಮೆರಿಕೆಯ ಪ್ರಾಣಿವಿಜ್ಞಾನಿ ಪೆಟ್ರೀಷಿಯಾ ಮೆಕ್‌ಕಾನೆಲ್ ಅವರು ನಾನಾ ಭಾಷೆಗಳನ್ನಾಡುವ ಪಶುಪಾಲಕರ ಕೂಗು ಸಿಳ್ಳುಗಳನ್ನು ಪರಿಶೀಲಿಸಿ, ಮರಿಗಳ ಮೇಲೆ ಪ್ರಯೋಗ ನಡೆಸಿ, 1990ರಲ್ಲಿ ಒಂದು ಲೇಖನ ಪ್ರಕಟಿಸಿದರು. ಚಿಕ್ಕದಾಗಿ, ಬೇಗಬೇಗನೆ ಮರುಕಳಿಸುವ, ಏರುವ ದನಿಯು ನಾಯಿಯನ್ನು ಚುರುಕುಗೊಳಿಸಿ ಬಳಿಗೆ ತರುವುದು. ಉದ್ದವಾಗಿ ಎಳೆದ ಒಂದೇ ದನಿ ಅದನ್ನು ತಡೆದು ನಿಲ್ಲಿಸುವುದು ಎಂಬುದು ಅದರ ಸಾರ. ನಮ್ಮ ಹಳ್ಳಿಯ ಅಜ್ಜಿಯರು 'ಕುರ್ ಕುರ್ ಕುರ್' ಎಂದು ಮರಿಯನ್ನು ಕರೆಯುವುದು ಈ ಲಕ್ಷಣಕ್ಕೆ ಸರಿಯಾಗಿ ಹೊಂದುವುದು. ಸಿಟ್ಟಿನಲ್ಲಿ 'ಬಾ...' ಎಂದು ಎಳೆದು ಗರ್ಜಿಸುವ ಯಜಮಾನನು ಬರಬೇಕೆಂಬ ಪದವನ್ನು ನಿಲ್ಲಬೇಕೆಂಬ ದನಿಯಲ್ಲಿ ಹೇಳುತ್ತಿರುವನು.

ಕಲಿಸುವ ಕ್ರಮವು ಅಂಗಳದೊಳಗಿಂದ ಮೊದಲಾಗಬೇಕು. ಮರಿಯು ಎರಡು ಮಾರು ದೂರದಲ್ಲಿ, ಬೇರೆ ಆಕರ್ಷಣೆ ಇಲ್ಲದಿರುವಾಗ, ಒಮ್ಮೆ ಮಾತ್ರ ಕರೆದು, ಬಂದೊಡನೆ ಅದಕ್ಕೆ ಪ್ರಿಯವಾದ ತುತ್ತನ್ನು ಕೊಡಬೇಕು. ತುತ್ತೆಂದರೆ ನಿತ್ಯದ ಒಣರೊಟ್ಟಿಯಲ್ಲ. ತುಪ್ಪ ಸವರಿದ ಚೂರು, ಬೇಯಿಸಿದ ಗೆಣಸು, ಸಕ್ಕರೆ ಬೆರೆಸದ ಗಿಣ್ಣ ಮುಂತಾದ ಅಪರೂಪದ ವಸ್ತು. ಮಠದಿಂದಲೋ ಗುಡಿಯಿಂದಲೋ ತಂದ ಪ್ರಸಾದದ ಸಿಹಿಯಲ್ಲಿ ಒಣದ್ರಾಕ್ಷಿ ಇರುವುದುಂಟು. ದ್ರಾಕ್ಷಿಯು ನಾಯಿಯ ಮೂತ್ರಪಿಂಡಗಳನ್ನು ಕೆಡಿಸಬಲ್ಲುದಾದುದರಿಂದ ಅಂತಹುದನ್ನು ಭಕ್ತಿಯಿಂದಲೂ ಕೊಡಕೂಡದು. ಅಂಗಳದ ಬಳಿಕ ಹಿತ್ತಿಲು, ಹಿತ್ತಿಲ ಬಳಿಕ ಹೊಲ. ಹೊಲದಲ್ಲಿ ಮೊದಲ ಕೆಲವು ತಿಂಗಳು ಐದಾರು ಮಾರು ಉದ್ದದ ಹಗುರವಾದ ಹಗ್ಗವನ್ನು ಕೊರಳಿಗಲ್ಲ, ಎದೆಪಟ್ಟಿಗೆ ಕಟ್ಟಿ ನೆಲದ ಮೇಲೆ ಎಳೆಯಬಿಡಬೇಕು. ಹಗ್ಗವಿರುವುದು ಎಳೆದು ತರುವುದಕ್ಕಲ್ಲ. ಕರೆಗೆ ಬಾರದ ನಾಯಿಯು ಓಡಿಹೋಗಿ ಸುಖಪಡುವ ಅಭ್ಯಾಸವನ್ನು ತಡೆಯುವುದಕ್ಕೆ. ಖಂಡಿತವಾಗಿ ಬಾರದೆಂದು ತೋರುವ ಸಮಯದಲ್ಲಿ ಕರೆಯಲೇಬಾರದು. ತಾನೇ ನಡೆದು ಹೋಗಿ ಹಿಡಿಯುವುದು ಲೇಸು. ಕರೆಯಾದರೂ ಕೆಡದೆ ಉಳಿಯುವುದು.

ಇದರಲ್ಲಿ ಹೆಚ್ಚಿನವರು ಕಾಣದ ಒಂದು ಸೂಕ್ಷ್ಮವಿದೆ. ಪ್ರಾಣಿಗೆ ಇಷ್ಟವಾದ ಕ್ರಿಯೆಯೇ ಅಷ್ಟಾಗಿ ಇಷ್ಟವಲ್ಲದ ಕ್ರಿಯೆಗೆ ಬಹುಮಾನವಾಗಬಲ್ಲುದೆಂದು ಡೇವಿಡ್ ಪ್ರಿಮ್ಯಾಕ್ ಎಂಬ ಮನಶ್ಶಾಸ್ತ್ರಜ್ಞರು 1959ರಲ್ಲಿ ಪ್ರತಿಪಾದಿಸಿದರು. ಆಡುವ ನಾಯಿಯನ್ನು ಕರೆದು, ಬಂದ ಮೇಲೆ ಮೈದಡವಿ, 'ಹೋಗು' ಎಂದು ಮತ್ತೆ ಆಟಕ್ಕೇ ಬಿಡುವುದು ಈ ತತ್ತ್ವದ ಪ್ರಯೋಗ. ಹತ್ತು ಬಾರಿ ಕರೆದರೆ ಎಂಟು ಒಂಬತ್ತು ಬಾರಿ ಹೀಗೆ ಬಿಡಬೇಕು. ಸರಪಳಿ ಹಾಕುವುದು ಒಂದೆರಡು ಬಾರಿ ಮಾತ್ರ. ಆಗ ಕರೆಯೆಂದರೆ ಸ್ವಾತಂತ್ರ್ಯದ ಮುಕ್ತಾಯವೆಂಬ ಭಾವ ನಾಯಿಯಲ್ಲಿ ಬೆಳೆಯುವುದಿಲ್ಲ.

'ತಿಂಡಿ ತೋರಿಸಿ ಕರೆಯುವುದು ಲಂಚವಲ್ಲವೇ? ಅನ್ನ ಹಾಕಿದ ಒಡೆಯನೆಂಬ ಪ್ರೀತಿಗಾಗಿ ಅದು ಬರಬೇಡವೇ?' ಎಂದು ಕೇಳುವವರುಂಟು. ಪ್ರಶ್ನೆ ತಳ್ಳಿಹಾಕುವಂತಹುದಲ್ಲ. ತಿಂಡಿಯನ್ನು ಮೊದಲೇ ಆಡಿಸಿ ತೋರಿಸಿ ಕರೆದರೆ ಅದು ಲಂಚವೇ ಸರಿ. ತಿಂಡಿ ಕಾಣದ ದಿನ ನಾಯಿ ಬಾರದು. ಬಂದ ಮೇಲೆ ಕೊಟ್ಟರೆ ಅದು ಕೂಲಿ. ದುಡಿದವನಿಗೆ ಕೂಲಿ ಕೊಡುವುದನ್ನು ಕಾಯಕವನ್ನು ಎತ್ತಿಹಿಡಿದ ಧರ್ಮದವರು ಲಂಚವೆನ್ನಬಾರದು. ಪ್ರೀತಿಯೂ ಕೂಲಿಯ ಒಂದು ಭಾಗವೇ. ಎರಡನೆಯ ಶತಮಾನದಲ್ಲಿ ಅರಿಯನನೆಂಬ ತತ್ತ್ವಜ್ಞನು, ಸ್ಟೋಯಿಕ್ ಗುರುವಾದ ಎಪಿಕ್ಟೀಟಸನ ಶಿಷ್ಯನು, ಓಟದ ನಾಯಿಗಳ ಮೇಲೆ ಒಂದು ಗ್ರಂಥ ಬರೆದಿರುವನು. ನಾಯಿ ಚೆನ್ನಾಗಿ ಓಡಿದಾಗ ಸವಾರನು ಕುದುರೆಯಿಂದಿಳಿದು, ಅದರ ತಲೆಗೆ ಮುತ್ತಿಟ್ಟು, ಕಿವಿ ನೀವಿ, ಹೆಸರು ಹಿಡಿದು ಹೊಗಳಬೇಕೆಂದು ಅವನ ವಿಧಿ. ಕುದುರೆಯ ಮೇಲೆ ಕುಳಿತೇ ಹೊಗಳಿದರೆ ಸಾಲದು, ಇಳಿಯಬೇಕು ಎಂಬುದು ಗಮನಿಸತಕ್ಕ ವಿಷಯ.

ಕಷ್ಟವನ್ನು ಒತ್ತಾಯದಿಂದ ನಿವಾರಿಸುವ ಯಂತ್ರಗಳೂ ಬಂದಿವೆ. ದೂರದಿಂದ ಗುಂಡಿಯೊತ್ತಿದರೆ ಕೊರಳ ಪಟ್ಟಿಯು ವಿದ್ಯುತ್ತಿನ ಹೊಡೆತ ಕೊಡುವುದು. ಪೆಟ್ಟಿಗೂ ಇದಕ್ಕೂ ಭೇದವೆಂದರೆ ಬಾರುಕೋಲು ಉದ್ದವಾಗಿದೆ ಎಂಬುದಷ್ಟೇ. ಇಂಗ್ಲೆಂಡಿನ ಲಿಂಕನ್ ವಿಶ್ವವಿದ್ಯಾಲಯದವರು, ಬಿಟ್ಟಾಗ ಕರೆದರೆ ಬಾರದೆಂಬ ದೂರಿದ್ದ 63 ನಾಯಿಗಳನ್ನು ಮೂರು ಗುಂಪು ಮಾಡಿ ಪರೀಕ್ಷಿಸಿದರು. ಒಂದು ಗುಂಪಿಗೆ ಈ ಯಂತ್ರ ಬಳಸಿದರು. ಎರಡನೆಯದಕ್ಕೆ ಅದೇ ಶಿಕ್ಷಕರೇ ಯಂತ್ರವಿಲ್ಲದೆ ಕಲಿಸಿದರು. ಮೂರನೆಯದಕ್ಕೆ ಬಹುಮಾನದಿಂದಲೇ ಕಲಿಸುವ ಶಿಕ್ಷಕರು ಕಲಿಸಿದರು. 2020ರಲ್ಲಿ ಪ್ರಕಟವಾದ ಫಲಿತಾಂಶದಂತೆ ಕರೆಗೆ ಓಗೊಡುವುದರಲ್ಲಿ ಮೂರನೆಯ ಗುಂಪೇ ಮುಂದಿತ್ತು. ವೇಲ್ಸ್ ದೇಶದಲ್ಲಿ 2010ರಿಂದಲೇ ಈ ಪಟ್ಟಿಗೆ ನಿಷೇಧವಿದೆ.

ವಯಸ್ಸಿನ ವಿಚಾರವನ್ನೂ ಗೃಹಸ್ಥರು ಅರಿತಿರಬೇಕು. ಮರಿಯಾಗಿದ್ದಾಗ ಕರೆದೊಡನೆ ಓಡಿಬರುತ್ತಿದ್ದ ನಾಯಿಯು ಏಳೆಂಟು ತಿಂಗಳಾಗುತ್ತಲೇ ಕೇಳಿಯೂ ಕೇಳದಂತೆ ನಡೆಯುವುದು. ನ್ಯೂಕಾಸಲ್ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನಾಯಿಗಳು ಐದು ತಿಂಗಳ ಪ್ರಾಯಕ್ಕಿಂತ ಎಂಟು ತಿಂಗಳ ಪ್ರಾಯದಲ್ಲಿ 'ಕುಳಿತುಕೋ' ಎಂಬ ಆಜ್ಞೆಯನ್ನು ಸಾಕಿದವರಿಂದ ಬಂದಾಗ ಕಡಿಮೆ ಪಾಲಿಸಿದುವು. ಅಪರಿಚಿತರು ಹೇಳಿದಾಗ ಹಾಗಾಗಲಿಲ್ಲ. ಹರೆಯದ ಮಗನು ನೆರೆಮನೆಯವರ ಮಾತನ್ನು ಕೇಳಿ ತಂದೆಯ ಮಾತನ್ನು ಕೇಳದಿರುವುದನ್ನು ಬಲ್ಲ ತಂದೆತಾಯಿಗಳಿಗೆ ಇದರಲ್ಲಿ ಆಶ್ಚರ್ಯವೇನೂ ತೋರದು. ಈ ಕಾಲವು ಕಳೆದುಹೋಗುವಂತಹುದು. ಬಹುಸಂಖ್ಯೆಯ ನಾಯಿಗಳು ಮನೆ ಕಳೆದುಕೊಂಡು ಬೀದಿಪಾಲಾಗುವುದು ಇದೇ ಪ್ರಾಯದಲ್ಲಿ ಎಂಬುದು ದುಃಖದ ಸಂಗತಿ. ಈ ತಿಂಗಳುಗಳಲ್ಲಿ ಮತ್ತೆ ಉದ್ದ ಹಗ್ಗಕ್ಕೆ ಮರಳಿ ತಾಳ್ಮೆಯಿಂದ ಕಾಯಬೇಕು.

ಇಷ್ಟೆಲ್ಲ ಮಾಡಿದರೂ ಕೆಲವು ನಾಯಿಗಳು ಕೆಲವು ಸಮಯಗಳಲ್ಲಿ ಬಾರವು. ಇದನ್ನು ಮುಚ್ಚಿಡುವುದು ಸತ್ಯವಾಗದು. ಕೃಷ್ಣೆ ಮಲಪ್ರಭೆಯರು ಕೂಡುವ ಕೂಡಲಸಂಗಮವಿರುವ ಬಾಗಲಕೋಟೆ ಜಿಲ್ಲೆಯಲ್ಲಿಯೇ ಮುಧೋಳವಿದೆ. ಅಲ್ಲಿಯ ಬೇಟೆನಾಯಿ ಲೋಕಪ್ರಸಿದ್ಧ. ಮುಧೋಳ ಸಂಸ್ಥಾನದ ಘೋರ್ಪಡೆ ಅರಸರು ಈ ತಳಿಯನ್ನು ಪೋಷಿಸಿದರು. 2005ರಲ್ಲಿ ಭಾರತದ ಅಂಚೆ ಇಲಾಖೆಯು ಇದರ ಚಿತ್ರವುಳ್ಳ ಅಂಚೆಚೀಟಿಯನ್ನು ಹೊರತಂದಿತು. ಈಗ ಮುಧೋಳದ ಸಮೀಪದ ತಿಮ್ಮಾಪುರದಲ್ಲಿ ಇದಕ್ಕಾಗಿ ಸಂಶೋಧನಾ ಕೇಂದ್ರವಿದೆ. ನೀಳವಾದ ಮುಖ, ಸಣ್ಣ ನಡು, ಆಳವಾದ ಎದೆ ಇವೆಲ್ಲ ಓಟಕ್ಕಾಗಿ ಒದಗಿದ ಅಂಗಗಳು. ಈ ಜಾತಿಯು ಮೂಗಿಗಿಂತ ಕಣ್ಣನ್ನು ನಂಬಿ ಬೇಟೆಯಾಡುವಂತಹುದು. ದೂರದಲ್ಲಿ ಮೊಲವೊಂದು ಜಿಗಿದುದನ್ನು ಕಂಡ ಕ್ಷಣದಲ್ಲಿ ಅದರ ಪಾಲಿಗೆ ಜಗತ್ತಿನಲ್ಲಿ ಉಳಿಯುವುದು ಆ ಮೊಲ ಒಂದೇ. ಒಡೆಯನ ಕರೆಯು ಕಿವಿಗೆ ತಲಪಿದರೂ ಅದರೊಳಕ್ಕೆ ಇಳಿಯದು. ತಲೆತಲಾಂತರಗಳಿಂದ ಮನುಷ್ಯನೇ ಆಯ್ದು ಬೆಳೆಸಿದ ಗುಣವಿದು: ಹಿಂದಿರುಗಿ ನೋಡದೆ ಅಟ್ಟುವ ನಾಯಿಯನ್ನೇ ಅವನು ಮೆಚ್ಚಿ ಅದರ ಮರಿಗಳನ್ನು ಸಾಕಿದನು. ಈಗ ಹಿಂದಿರುಗಿ ನೋಡಲಿಲ್ಲವೆಂದು ಅದನ್ನು ದೂರುವುದು ನ್ಯಾಯವಲ್ಲ. ಕುರಿಮಂದೆಯ ನಾಯಿಯ ಪೂರ್ವಜರನ್ನು ಕುರುಬನ ದನಿಗೆ ಕಿವಿಗೊಡುವ ಗುಣಕ್ಕಾಗಿಯೇ ಆರಿಸಿದುದರಿಂದ ಅಂತಹ ನಾಯಿಗೆ ಈ ವಿದ್ಯೆ ಬೇಗ ಹತ್ತುವುದು; ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಆದುದರಿಂದ ಇಂತಹ ನಾಯಿಯನ್ನು ಸಾಕಿದವನು ಸುತ್ತಲೂ ಗೋಡೆ ಬೇಲಿಗಳಿರುವ ಸ್ಥಳದಲ್ಲಿ ಬಿಟ್ಟು ಓಡಿಸಬೇಕು. ರಸ್ತೆಯ ಬಳಿ, ನೆರೆಯವರ ಆಡುಕುರಿಗಳ ಬಳಿ ಬಿಡಲಾಗದು. ಮೊಲದ ಬೇಟೆಯು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ನಿಷಿದ್ಧ ಎಂಬುದು ಹಾಗಿರಲಿ. ಓಡುವ ಜೀವಿಗೂ ಜೀವವಿದೆ. ಸಾಕಿದ ಪ್ರಾಣಿಯಿಂದ ಪರರಿಗೆ ಅಪಾಯವಾಗದಂತೆ ಎಚ್ಚರವಹಿಸದವನಿಗೆ ಭಾರತೀಯ ನ್ಯಾಯಸಂಹಿತೆಯ 291ನೆಯ ಪ್ರಕರಣವು ಶಿಕ್ಷೆಯನ್ನು ವಿಧಿಸುವುದು. 'ನನ್ನ ನಾಯಿ ಯಾರಿಗೂ ಏನೂ ಮಾಡುವುದಿಲ್ಲ, ಕರೆದರೆ ಬರುವುದು' ಎಂದು ಬಿಚ್ಚಿಬಿಟ್ಟವರ ಮಾತನ್ನು, ಎದುರಿನಿಂದ ಹೆದರುತ್ತ ಬರುವ ಶಾಲೆಯ ಮಗು ನಂಬಬೇಕಾದ ಕಾರಣವಿಲ್ಲ. ಮನೆಯಂಗಳದಲ್ಲಿ ಬಂದ ನಾಯಿ ಬೀದಿಯಲ್ಲಿಯೂ ಬರುವುದೆಂಬುದು, ಬೀದಿಯಲ್ಲಿ ಬಂದದ್ದು ಜಾತ್ರೆಯ ಗದ್ದಲದಲ್ಲಿಯೂ ಪಟಾಕಿಯ ಸದ್ದಿನಲ್ಲಿಯೂ ಬರುವುದೆಂಬುದು ಒಡೆಯನ ಊಹೆ. ಒಂದೊಂದು ಸ್ಥಳವೂ ನಾಯಿಗೆ ಹೊಸ ಪಾಠ. ಹೆಮ್ಮೆಗಾಗಿ ಸರಪಳಿ ಕಳಚುವವನು ಪಣಕ್ಕಿಡುವುದು ತನ್ನದಲ್ಲದ ಪ್ರಾಣವನ್ನು.

ಮುದಿತನದಲ್ಲಿ ನಾಯಿಗೂ ಕಿವಿ ಮಂದವಾಗುವುದು. ಹತ್ತು ಹನ್ನೆರಡು ವರ್ಷ ತಪ್ಪದೆ ಬಂದ ನಾಯಿಯು ಒಂದು ದಿನ ಕರೆದರೂ ತಿರುಗದು. ಮೊಂಡಾಯಿತೆಂದು ಗದರಿಸುವ ಮೊದಲು ಹಿಂದಿನಿಂದ ಕೈತಟ್ಟಿ ನೋಡಬೇಕು. ಎಳೆಯ ಪ್ರಾಯದಿಂದಲೇ ಕರೆಯುವಾಗ ಬಲಗೈಯನ್ನು ಮೇಲಕ್ಕೆತ್ತುವ ಅಭ್ಯಾಸವಿಟ್ಟುಕೊಂಡವನಿಗೆ ಆಗ ಕಷ್ಟವಿಲ್ಲ. ನಾಯಿಯು ತಲೆಯೆತ್ತಿ ಅವನತ್ತ ನೋಡುವ ತನಕ ಸುಮ್ಮನೆ ನಿಂತು, ನೋಡಿದಾಗ ಕೈಯೆತ್ತಿದರೆ ಸಾಕು. ಅದು ಮೆಲ್ಲಮೆಲ್ಲನೆ ಬರುವುದು. ರಾತ್ರಿಯಾದರೆ ದೀಪವನ್ನು ಎರಡು ಬಾರಿ ಆಡಿಸುವರು. ಕಣ್ಣೂ ಮಬ್ಬಾದ ಮೇಲೆ ಒಡೆಯನೇ ಅದರ ಬಳಿಗೆ ನಡೆದು ಹೋಗಿ, ಬೆಚ್ಚದಂತೆ ಮೊದಲು ಕೈಯನ್ನು ಮೂಗಿಗೆ ಹಿಡಿದು, ಬಳಿಕ ಬೆನ್ನು ಮುಟ್ಟಿ ಮನೆಗೆ ಕರೆತರುವನು.